ನಿಮಗಿದು ಗೊತ್ತೆ? ಶೋಧಕದ ಸ್ಪಂಜಿನೊಳಗಿನ ಜೀವರಾಶಿ

ಮನೆಯ ಮೀನುತೊಟ್ಟಿಯ ಶೋಧಕದಲ್ಲಿರುವ ಸ್ಪಂಜು ಕಸವನ್ನು ತಡೆಯುವುದಷ್ಟೇ ಅಲ್ಲದೆ, ಮೀನುಗಳು ಕಿವಿರುಗಳ ಮೂಲಕ ಹೊರಬಿಡುವ ಮತ್ತು ಮಿಕ್ಕ ಆಹಾರ ಕೊಳೆತಾಗಲೂ ಹುಟ್ಟುವ ಅಮೋನಿಯ ಎಂಬ ವಿಷವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅದಕ್ಕಿಂತ ಬಹಳ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳಿಗೆ ನೆಲೆಯಾಗಿರುತ್ತದೆ. ನೈಟ್ರೀಕರಣವೆಂಬ ಈ ಕ್ರಿಯೆಯ ಎರಡು ಹಂತಗಳಿಗೆ ಎರಡು ಬಗೆಯ ಜೀವಿಗಳು ಬೇಕೇ ಬೇಕೆಂದು ಬಹುಕಾಲ ನಂಬಲಾಗಿತ್ತು. ಎರಡನ್ನೂ ತಾನೇ ಪೂರೈಸಬಲ್ಲ ನೈಟ್ರೋಸ್ಪೈರ ಬ್ಯಾಕ್ಟೀರಿಯಾ ಇರುವುದು 2015ರಲ್ಲಿ ವರದಿಯಾಯಿತು, ಅದರ ಒಂದು ಮೂಲ ಮೀನುಸಾಕಣೆಯ ಶೋಧಕವೇ ಆಗಿದ್ದುದು ಗಮನಾರ್ಹ. ಕ್ಲೋರಿನ್ ಬೆರೆತ ನಲ್ಲಿನೀರು ಈ ಜೀವಿಗಳನ್ನು ಕೊಲ್ಲುವುದರಿಂದ, ತಳದ ಜಲ್ಲಿಯಲ್ಲಿ ಕೂತ ಹೊಲಸನ್ನು ಕೊಳವೆಯಿಂದ ಹೀರಿ ತೆಗೆಯುವಾಗ ಹೊರಬರುವ ತೊಟ್ಟಿಯ ನೀರಿನಲ್ಲಿಯೇ ಸ್ಪಂಜನ್ನು ಮೆಲ್ಲಗೆ ಹಿಂಡಿ ತೊಳೆಯಬೇಕು.