ಇಪ್ಪತ್ತು ನೌಕರಿಗಳನ್ನು ಬಿಟ್ಟ ತರುಣ

ಮಗನಿಗೋ ಮಗಳಿಗೋ ಡಾಕ್ಟರೇಟ್ ಪದವಿ ಬಂದಿತೆಂದರೆ ಮನೆಯಲ್ಲಿ ಹಬ್ಬ. ಹೋಳಿಗೆಯ ಊಟವಾಗುತ್ತದೆ, ನೆಂಟರಿಷ್ಟರು ಬಂದು ಹರಸುತ್ತಾರೆ. ಎಲೆ ಎತ್ತುವ ಮುನ್ನವೇ ಯಾರಾದರೊಬ್ಬ ಹಿರಿಯರು ಕೇಳುತ್ತಾರೆ: “ಇನ್ನು ನೌಕರಿ ಎಲ್ಲಿ? ಸಂಬಳವೆಷ್ಟು?” ನೌಕರಿಯೇನೋ ದೊರೆತಿದೆ. ಆದರೆ ಅದು ಎರಡು ವರ್ಷದ ಮಾತು; ಕೃಪೆಯಿದ್ದರೆ ಇನ್ನೊಂದೆರಡು ವರ್ಷ. ಅದರಲ್ಲಿರುವವನು ವಿದ್ಯಾರ್ಥಿಯೂ ಅಲ್ಲ, ಪ್ರಾಧ್ಯಾಪಕನೂ ಅಲ್ಲ. “ಇಷ್ಟು ಓದಿಯೂ ಇನ್ನೂ ಓದೇ?” ಎಂದು ಅಜ್ಜಿ ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಡಾಕ್ಟರೇಟೋತ್ತರ ಸಂಶೋಧಕನ ಹುದ್ದೆಯೆಂದರೆ ಇದೇ. ‘ಪೋಸ್ಟ್‌ಡಾಕ್’ ಎಂಬುದು ಅದರ ರೂಢಿಯ ಹೆಸರು. ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು ಸರ್ಕಾರದಿಂದಲೋ ನಿಧಿಗಳಿಂದಲೋ ಸಹಾಯಧನ ತಂದು ಪ್ರಯೋಗಶಾಲೆ ನಡೆಸುತ್ತಾರೆ. ಪದವಿ ಮುಗಿಸಿದ ತರುಣನೊಬ್ಬನು ಅಲ್ಲಿಗೆ ಬಂದು ಪ್ರಯೋಗ ಮಾಡುತ್ತಾನೆ, ಕಿರಿಯರಿಗೆ ಕಲಿಸುತ್ತಾನೆ, ಪ್ರಬಂಧ ಬರೆಯುತ್ತಾನೆ. ಅವಧಿ ಮುಗಿದೊಡನೆ ಗಂಟು ಕಟ್ಟಿಕೊಂಡು ಬೇರೆಡೆಗೆ ಹೊರಡುತ್ತಾನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2024ರಲ್ಲಿ ಇಂಥವರಿಗೆ ಮೊದಲ ವರ್ಷಕ್ಕೆ ಗೊತ್ತುಪಡಿಸಿದ್ದ ವೇತನ 61,008 ಡಾಲರು. ನಮ್ಮ ರೂಪಾಯಿಯ ಲೆಕ್ಕದಲ್ಲಿ ಇದು ದೊಡ್ಡದಾಗಿ ಕಾಣಬಹುದು. ಬಾಸ್ಟನ್ನಿನಂಥ ನಗರದಲ್ಲಿ ಮನೆಬಾಡಿಗೆ ತೆತ್ತವರಿಗೆ ಮಾತ್ರ ಅದರ ಗಾತ್ರ ಗೊತ್ತು. ಎಂಜಿನಿಯರಿಂಗ್ ಓದಿದವನಿಗಂತೂ ಹೊರಗೆ ಇದಕ್ಕಿಂತ ಎಷ್ಟೋ ಹೆಚ್ಚು ಸಂಬಳದ ಬಾಗಿಲುಗಳು ತೆರೆದಿರುತ್ತವೆ.

ಹಾಗಿದ್ದೂ ಬುದ್ಧಿವಂತರಾದವರು ಈ ಬಾಗಿಲನ್ನೇ ಏಕೆ ತಟ್ಟುತ್ತಾರೆ? ಎಂಜಿನಿಯರಿಂಗ್ ಮತ್ತು ವೈದ್ಯಶಾಸ್ತ್ರ ಕೈಹಿಡಿದ ಕ್ಷೇತ್ರದಲ್ಲಿ ಇದಕ್ಕೆ ಉತ್ತರವಾಗಬಲ್ಲ ಒಂದು ಜೀವನವೃತ್ತಾಂತವಿದೆ. ಅದು ರಾಬರ್ಟ್ ಲ್ಯಾಂಗರರದು.

ಎಣ್ಣೆಯ ಕಂಪನಿಗಳ ಕರೆ

ಲ್ಯಾಂಗರರು ಹುಟ್ಟಿದ್ದು 1948ರಲ್ಲಿ, ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ಟಣದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದರು. 1974ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ, ಎಂದರೆ ಎಂ.ಐ.ಟಿ.ಯಿಂದ, ಡಾಕ್ಟರೇಟ್ ಪಡೆದರು. ಕಾಲವೂ ಅವರ ಪಾಲಿಗೆ ಅನುಕೂಲವಾಗಿಯೇ ಇದ್ದಿತು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆಹಿಡಿದುದರಿಂದ ಬೆಲೆ ಗಗನಕ್ಕೇರಿ, ಎಣ್ಣೆಯ ಕಂಪನಿಗಳು ಕೆಮಿಕಲ್ ಎಂಜಿನಿಯರುಗಳನ್ನು ಹುಡುಕಿ ಹುಡುಕಿ ಕರೆಯುತ್ತಿದ್ದವು. ಲ್ಯಾಂಗರರಿಗೆ ಬಂದ ಕರೆಗಳು ಇಪ್ಪತ್ತು. ಎಕ್ಸಾನ್ ಕಂಪನಿಯೊಂದರಿಂದಲೇ ನಾಲ್ಕು.

ಸಂದರ್ಶನಕ್ಕೆ ಹೋದಾಗ ಒಬ್ಬ ಎಂಜಿನಿಯರು ಅವರಿಗೆ, ಒಂದು ರಾಸಾಯನಿಕದ ಉತ್ಪತ್ತಿಯನ್ನು ಶೇಕಡಾ 0.1ರಷ್ಟು ಹೆಚ್ಚಿಸಿದರೂ ಸಾಕು, ಅಪಾರ ಲಾಭವಾಗುವುದೆಂದು ಉತ್ಸಾಹದಿಂದ ತಿಳಿಸಿದನು. ಮಾತು ಸತ್ಯವೇ. ಆದರೆ ತರುಣನ ಮನಸ್ಸು ಅದಕ್ಕೆ ಒಲಿಯಲಿಲ್ಲ. ಓದುವಾಗಲೇ ಅವರು ಕೇಂಬ್ರಿಜ್ ಪಟ್ಟಣದಲ್ಲಿ ಬಡಮಕ್ಕಳ ಶಾಲೆಯೊಂದಕ್ಕಾಗಿ ದುಡಿದು, ಗಣಿತ ಮತ್ತು ವಿಜ್ಞಾನದ ಪಾಠಗಳನ್ನು ಸಿದ್ಧಪಡಿಸಿದ್ದರು. ಅಂಥದೇ ಕೆಲಸ ಬೇಕೆಂದು ಸುಮಾರು 40 ಕಾಲೇಜುಗಳಿಗೆ ಪತ್ರ ಬರೆದರು. ಒಂದರಿಂದಲೂ ಉತ್ತರ ಬರಲಿಲ್ಲ. ಆಸ್ಪತ್ರೆಗಳಿಗೆ, ವೈದ್ಯಕೀಯ ಕಾಲೇಜುಗಳಿಗೆ ಬರೆದರು. ಅಲ್ಲಿಯೂ ಅದೇ ಮೌನ. ರೋಗಿಗಳ ನಡುವೆ ಕೆಮಿಕಲ್ ಎಂಜಿನಿಯರನಿಗೆ ಏನು ಕೆಲಸ?

ಕೊನೆಗೆ ಜೊತೆಗಾರನೊಬ್ಬನು, ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಫೋಕ್‌ಮನ್ ಎಂಬ ಶಸ್ತ್ರವೈದ್ಯರಿದ್ದಾರೆ, ವಿಚಿತ್ರವಾದ ಹಿನ್ನೆಲೆಯವರನ್ನೂ ಅವರು ಒಮ್ಮೊಮ್ಮೆ ತೆಗೆದುಕೊಳ್ಳುವುದುಂಟು ಎಂದು ಸೂಚಿಸಿದನು. ಲ್ಯಾಂಗರರು ಬರೆದರು, ಕರೆ ಬಂದಿತು. ಇಪ್ಪತ್ತು ನೌಕರಿಗಳನ್ನು ಬಿಟ್ಟು, ಅವೆಲ್ಲಕ್ಕಿಂತ ತೀರ ಕಡಮೆ ಸಂಬಳದ ಪೋಸ್ಟ್‌ಡಾಕ್ ಹುದ್ದೆಯನ್ನು ಅವರು ಸ್ವೀಕರಿಸಿದರು. ಆ ಆಸ್ಪತ್ರೆಗೆಲ್ಲ ಅವರೊಬ್ಬರೇ ಎಂಜಿನಿಯರು.

ಗುರುವೂ ಒಂಟಿ, ಶಿಷ್ಯನೂ ಒಂಟಿ

ಹಾರ್ವರ್ಡ್ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕರಾಗಿದ್ದ ಜೂಡಾ ಫೋಕ್‌ಮನ್ನರು ಸ್ವತಃ ವಿದ್ವಜ್ಜನರ ಅನುಮಾನಕ್ಕೆ ಗುರಿಯಾದವರು. ಕ್ಯಾನ್ಸರಿನ ಗಡ್ಡೆಯು ಹೊಸ ರಕ್ತನಾಳಗಳನ್ನು ತನ್ನತ್ತ ಎಳೆದುಕೊಳ್ಳದೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯಲಾರದು. ಆ ನಾಳಗಳನ್ನು ತಡೆದರೆ ಗಡ್ಡೆಯನ್ನು ಉಪವಾಸ ಕೆಡವಬಹುದು ಎಂಬ ಸಿದ್ಧಾಂತವನ್ನು ಅವರು 1971ರಲ್ಲಿ ಮಂಡಿಸಿದ್ದರು. ಬಹುಮಂದಿ ತಜ್ಞರು ಅದನ್ನು ಒಪ್ಪಿರಲಿಲ್ಲ.

ನಾಳಗಳ ಬೆಳವಣಿಗೆಯನ್ನು ತಡೆಯುವ ವಸ್ತುವೊಂದನ್ನು ಕಂಡುಹಿಡಿಯುವುದೇ ಲ್ಯಾಂಗರರಿಗೆ ಒಪ್ಪಿಸಿದ ಕಾರ್ಯ. ಕೀಲುಗಳ ತುದಿಯಲ್ಲಿರುವ ಮೃದುವಾದ ಎಲುಬಿನಲ್ಲಿ ರಕ್ತನಾಳಗಳಿರುವುದಿಲ್ಲ. ಹಾಗಾದರೆ ಅವನ್ನು ದೂರವಿಡುವ ಏನೋ ಒಂದು ಅಲ್ಲಿರಬೇಕಲ್ಲವೆ? ಎಂ.ಐ.ಟಿ.ಯ ಡಾಕ್ಟರೇಟ್ ಪಡೆದ ಎಂಜಿನಿಯರರು ದಕ್ಷಿಣ ಬಾಸ್ಟನ್ನಿನ ಕಸಾಯಿಖಾನೆಗೆ ಹೋಗಿ ದನದ ಎಲುಬುಗಳನ್ನು ಹೊತ್ತು ತಂದರು. ಅವನ್ನು ಕೆರೆದು, ಕರಗಿಸಿ, ಸೋಸಿ, ಅದರೊಳಗಿನ ಪ್ರೋಟೀನುಗಳನ್ನು ಬೇರ್ಪಡಿಸುವುದರಲ್ಲಿ ತಿಂಗಳುಗಳು ಕಳೆದವು.

ಬೇರ್ಪಡಿಸಿದರೆ ಸಾಲದು, ಪರೀಕ್ಷಿಸಬೇಕು. ಇದಕ್ಕೆ ಮೊಲದ ಕಣ್ಣಿನ ಪಾರದರ್ಶಕ ಪಟಲವನ್ನು ಆರಿಸಿಕೊಂಡರು. ಅಲ್ಲಿ ಸ್ವಭಾವತಃ ರಕ್ತನಾಳಗಳಿಲ್ಲದ ಕಾರಣ, ಗಡ್ಡೆಯ ಒಂದು ತುಣುಕನ್ನಿಟ್ಟರೆ ಅದರತ್ತ ನಾಳಗಳು ಹಬ್ಬಿ ಬರುವುದನ್ನು ಹೊರಗಿನಿಂದಲೇ ನೋಡಬಹುದು. ಆದರೆ ನಾಳಗಳು ಹಬ್ಬಲು ವಾರಗಳು ಬೇಕು. ಅಷ್ಟು ಕಾಲವೂ ಔಷಧವು ಆ ಜಾಗದಲ್ಲಿ ತುಸುತುಸುವಾಗಿ ಒಸರುತ್ತಲೇ ಇರಬೇಕು. ತೊಡಕು ಬಂದುದು ಇಲ್ಲಿಯೇ.

ಇನ್ನೂರು ಸೋಲು

ಸಣ್ಣ ಅಣುಗಳ ಔಷಧವನ್ನು ಸಿಲಿಕೋನ್ ರಬ್ಬರಿನೊಳಗಿಟ್ಟರೆ ಅದು ಮೆಲ್ಲನೆ ಹೊರಬರುತ್ತದೆಂಬುದನ್ನು ಫೋಕ್‌ಮನ್ನರೇ 1960ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಆದರೆ ಪ್ರೋಟೀನು ಬಹು ದೊಡ್ಡ ಅಣು. ಸೂಜಿಯ ಕಣ್ಣಿನಲ್ಲಿ ಹಗ್ಗವನ್ನು ಪೋಣಿಸಲಾದೀತೆ? ಪ್ಲಾಸ್ಟಿಕ್ಕಿನ ಮೂಲಕ ದೊಡ್ಡ ಅಣುಗಳು ನಿಧಾನವಾಗಿ ಹಾಯಲಾರವು ಎಂಬುದು ಆಗಿನ ಪಂಡಿತರ ಮತ. ಬಾಯಿಂದ ನುಂಗಿಸೋಣವೆಂದರೆ ಪ್ರೋಟೀನು ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಚುಚ್ಚಿದರೆ ಶರೀರವು ಅದನ್ನು ಬೇಗನೆ ಮುಗಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯವರು ಇನ್‌ಸುಲಿನ್ನನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾದ ಕಷ್ಟಕ್ಕೂ ಇದೇ ಮೂಲ.

ಅಸಾಧ್ಯವೆಂದು ಸಾರುತ್ತಿದ್ದ ಗ್ರಂಥಗಳನ್ನು ಲ್ಯಾಂಗರರು ಓದಿರಲಿಲ್ಲ. ಓದದಿದ್ದುದೇ ಒಳ್ಳೆಯದಾಯಿತೆಂದು ಮುಂದೆ ಅವರೇ ಹೇಳಿದ್ದುಂಟು. ಇನ್ನೂರಕ್ಕೂ ಹೆಚ್ಚು ವಿಧಾನಗಳು ವಿಫಲವಾದವು. ಕೊನೆಗೊಂದು ಫಲಿಸಿತು. ಒಂದು ಬಗೆಯ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಅದರಲ್ಲಿ ಪ್ರೋಟೀನಿನ ಪುಡಿಯನ್ನು ಕಲಸಿ, ಬಹಳ ಕೆಳಗಿನ ಉಷ್ಣತೆಯಲ್ಲಿ ಗಟ್ಟಿಮಾಡಿ, ಆಮೇಲೆ ದ್ರಾವಕವು ಮೆಲ್ಲನೆ ಆರುವಂತೆ ಮಾಡಿದರು. ಪುಡಿಯ ಕಣಗಳಿದ್ದೆಡೆಗಳಲ್ಲೆಲ್ಲ ಒಂದಕ್ಕೊಂದು ಕೂಡಿಕೊಂಡ ಸೂಕ್ಷ್ಮ ರಂಧ್ರಗಳು ಉಂಟಾದವು. ಹಳೆಯ ಪೇಟೆಯ ಸಂದುಗೊಂದುಗಳಲ್ಲಿ ಸಿಕ್ಕಿಕೊಂಡವನು ದಾರಿ ಹುಡುಕುತ್ತ ಎಷ್ಟೋ ಹೊತ್ತಿನ ಮೇಲೆ ಹೆದ್ದಾರಿ ಸೇರುವಂತೆ, ಪ್ರೋಟೀನಿನ ಅಣುಗಳು ಆ ಅಂಕುಡೊಂಕಿನ ಓಣಿಗಳಲ್ಲಿ ಸುತ್ತಿ ಸುತ್ತಿ ಹೊರಬಂದವು. ಒಸರುವಿಕೆ ನೂರು ದಿನಗಳನ್ನೂ ಮೀರಿ ನಡೆಯಿತು!

1976ರಲ್ಲಿ ಎರಡು ಪ್ರಬಂಧಗಳು ಬೆಳಕು ಕಂಡವು. ಮೃದ್ವಸ್ಥಿಯ ಸಾರವು ರಕ್ತನಾಳಗಳನ್ನು ತಡೆಯುತ್ತದೆಂಬುದು ‘ಸೈನ್ಸ್’ ಪತ್ರಿಕೆಯಲ್ಲಿ. ದೊಡ್ಡ ಅಣುಗಳನ್ನು ಮೆಲ್ಲಮೆಲ್ಲನೆ ಬಿಡುಗಡೆಮಾಡುವ ಪಾಲಿಮರಿನ ವಿಷಯ ‘ನೇಚರ್’ ಪತ್ರಿಕೆಯಲ್ಲಿ.

ನಂಬದ ಸಭೆ

ಜಯಘೋಷವಾಯಿತೆಂದು ಓದುಗರು ಊಹಿಸಬಹುದು. ನಡೆದುದು ಬೇರೆ. ಅದೇ ವರ್ಷ ಮಿಷಿಗನ್ ರಾಜ್ಯದಲ್ಲಿ ಪಾಲಿಮರ್ ತಜ್ಞರ ಸಭೆಯೊಂದರಲ್ಲಿ ಲ್ಯಾಂಗರರು ಮಾತನಾಡಿದರು. ಅನೇಕ ದಿನ ಅಭ್ಯಾಸ ಮಾಡಿಕೊಂಡು ಹೋಗಿದ್ದರು; ಭಾಷಣವೂ ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಹಿರಿಯ ವಿಜ್ಞಾನಿಗಳು ಬಳಿಗೆ ಬಂದರು. ಬೆನ್ನು ತಟ್ಟುವರೆಂದು ತರುಣನು ಕಾದಿದ್ದರೆ, ನೀನು ಹೇಳಿದ ಯಾವುದನ್ನೂ ನಾವು ನಂಬುವುದಿಲ್ಲವೆಂದು ಅವರು ಮುಖಕ್ಕೇ ಹೇಳಿದರು.

ಸಹಾಯಧನಕ್ಕಾಗಿ ಬರೆದ ಮೊದಲ ಒಂಬತ್ತು ಅರ್ಜಿಗಳು ತಿರಸ್ಕೃತವಾದವು. ಎಂಜಿನಿಯರನಿಗೆ ಜೀವಶಾಸ್ತ್ರವೇನು ಗೊತ್ತು, ಕ್ಯಾನ್ಸರಂತೂ ಮೊದಲೇ ಗೊತ್ತಿಲ್ಲ ಎಂಬುದು ಆಕ್ಷೇಪಣೆ. ಪೋಸ್ಟ್‌ಡಾಕ್ ಅವಧಿ ಮುಗಿದಾಗ ಯಾವ ಕೆಮಿಕಲ್ ಎಂಜಿನಿಯರಿಂಗ್ ವಿಭಾಗವೂ ಅವರಿಗೆ ಕೆಲಸ ಕೊಡಲಿಲ್ಲ. ಎಂ.ಐ.ಟಿ.ಯ ಆಹಾರ ಮತ್ತು ಪೋಷಣ ವಿಭಾಗದ ಮುಖ್ಯಸ್ಥರು ಮಾತ್ರ ಕರೆದು ಸ್ಥಾನ ಕೊಟ್ಟರು. ಅವರು ವಿಭಾಗವನ್ನು ಬಿಟ್ಟುಹೋದೊಡನೆ ಉಳಿದ ಹಿರಿಯರು, ಬೇರೆ ಕೆಲಸ ನೋಡಿಕೊಳ್ಳುವುದು ಲೇಸೆಂದು ಲ್ಯಾಂಗರರಿಗೆ ಉಪದೇಶಿಸಿದರು. ಎಣ್ಣೆಯ ಕಂಪನಿಯ ಸಂಬಳವನ್ನು ಆ ದಿನಗಳಲ್ಲಿ ಅವರು ನೆನೆದಿದ್ದರೆ ಯಾರೂ ತಪ್ಪೆಣಿಸಲಾರರು.

ಕಾಲ ಕಳೆಯಿತು. ಬೇರೆ ಪ್ರಯೋಗಶಾಲೆಗಳಲ್ಲಿಯೂ ಅದೇ ಫಲ ಕಂಡುಬಂದಿತು. ಸಂದೇಹವು ಕರಗಿತು, ಔಷಧಗಳು ಬಂದವು. ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗೆ ದಿನದಿನವೂ ಬೇಕಾಗಿದ್ದ ಸೂಜಿಮದ್ದು, ಪಾಲಿಮರಿನ ಸೂಕ್ಷ್ಮ ಗೋಲಿಗಳಲ್ಲಿ ಅಡಕವಾಗಿ, 1989ರಿಂದ ತಿಂಗಳಿಗೊಮ್ಮೆ ಸಾಕಾಯಿತು. ಮಿದುಳಿನ ಗಡ್ಡೆಯನ್ನು ತೆಗೆದ ಜಾಗದಲ್ಲಿಯೇ ಇಡುವ ಸಣ್ಣ ಬಿಲ್ಲೆಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಲ್ಯಾಂಗರರು ಶಸ್ತ್ರವೈದ್ಯ ಹೆನ್ರಿ ಬ್ರೆಮ್ಮರೊಡನೆ ಸಿದ್ಧಪಡಿಸಿದ ಈ ಬಿಲ್ಲೆಗಳು ಸೋಪು ಸವೆಯುವಂತೆ ಹೊರಗಿನಿಂದ ಸವೆಯುತ್ತ ಮದ್ದನ್ನು ಬಿಡುತ್ತವೆ. ಅವು ಆ ಕ್ರೂರ ರೋಗವನ್ನು ನಿರ್ಮೂಲ ಮಾಡಲಾರವು; ಆಯುಷ್ಯವನ್ನು ತುಸು ಹಿಗ್ಗಿಸುತ್ತವೆ. ಆದರೆ ಆ ತುಸು ಕಾಲದ ಬೆಲೆಯನ್ನು ರೋಗಿಯ ಮನೆಯವರೇ ಬಲ್ಲರು. ರಕ್ತನಾಳಗಳನ್ನು ತಡೆಯುವ ಕ್ಯಾನ್ಸರ್ ಔಷಧವೊಂದಕ್ಕೆ 2004ರಲ್ಲಿ ಅಲ್ಲಿ ಅನುಮತಿ ಸಿಕ್ಕಿ, ಫೋಕ್‌ಮನ್ನರ ಮಾತೂ ಸಾರ್ಥಕವಾಯಿತು. ಅದನ್ನು ಕಣ್ಣಾರೆ ಕಂಡು ಅವರು 2008ರ ಜನವರಿಯಲ್ಲಿ ತೀರಿಕೊಂಡರು.

2010ರಲ್ಲಿ ಹುಟ್ಟಿದ ಮಾಡರ್ನಾ ಕಂಪನಿಯ ಸ್ಥಾಪಕರಲ್ಲಿ ಲ್ಯಾಂಗರರೂ ಒಬ್ಬರು. ಆ ಕಂಪನಿಯ ಕೋವಿಡ್ ಲಸಿಕೆಗೆ 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿ ದೊರೆಯಿತು. ಅಲ್ಲಿಯೂ ಇದ್ದುದು ಹಳೆಯ ಸಮಸ್ಯೆಯೇ: ದೊಡ್ಡದೂ ನಾಜೂಕೂ ಆದ ಅಣುವೊಂದನ್ನು ಕೆಡದಂತೆ ಪೊಟ್ಟಣ ಕಟ್ಟಿ ಶರೀರದೊಳಗೆ ತಲಪಿಸುವುದು.

ಬೆಲೆ ಮತ್ತು ಫಲ

ಎಲ್ಲ ಪೋಸ್ಟ್‌ಡಾಕ್‌ಗಳೂ ಲ್ಯಾಂಗರರಾಗುವುದಿಲ್ಲ. ಈ ಮಾತನ್ನು ಮುಚ್ಚಿಡಬಾರದು. ಇನ್ನೂರು ಸೋಲಿನ ಬಳಿಕ ಇನ್ನೂರ ಒಂದನೆಯ ಸೋಲನ್ನೇ ಕಾಣುವವರೂ ಇದ್ದಾರೆ. ಪ್ರಾಧ್ಯಾಪಕರ ಸ್ಥಾನಗಳು ಕೆಲವೇ, ಆಕಾಂಕ್ಷಿಗಳು ಹಲವರು. ಮದುವೆ, ಮನೆ, ತಂದೆತಾಯಿಗಳ ಮುಪ್ಪು, ಇವಾವುವೂ ಪ್ರಯೋಗ ಮುಗಿಯಲೆಂದು ಕಾಯುವುದಿಲ್ಲ. ಈ ಹುದ್ದೆಯನ್ನು ಬಿಟ್ಟು ಕಂಪನಿಯ ಕೆಲಸ ಹಿಡಿದವರನ್ನು ಹೇಡಿಗಳೆನ್ನುವುದು ಅನ್ಯಾಯ.

ಆದರೂ ಈ ಹುದ್ದೆಯಲ್ಲಿ ಬೇರೆಡೆ ಸಿಗದ ಒಂದು ಸ್ವಾತಂತ್ರ್ಯವಿದೆ. ಕಂಪನಿಯಲ್ಲಿ ಇನ್ನೂರು ಬಾರಿ ಸೋತವನನ್ನು ಯಾರು ಇರಿಸಿಕೊಂಡಾರು? ಸ್ವಂತ ಪ್ರಯೋಗಶಾಲೆಯ ಹೊಣೆ ಹೊತ್ತ ಪ್ರಾಧ್ಯಾಪಕರಿಗೆ ಎಲುಬು ಕೆರೆಯುತ್ತ ಕೂರಲು ಸಮಯವೆಲ್ಲಿ? ಒಂದು ಶಾಸ್ತ್ರದಲ್ಲಿ ನುರಿತವನು ಮತ್ತೊಂದು ಶಾಸ್ತ್ರದ ಅಂಗಳಕ್ಕೆ ಬಂದು, ನಾಚಿಕೆಯಿಲ್ಲದೆ ಮೊದಲ ಪಾಠದ ಪ್ರಶ್ನೆಗಳನ್ನು ಕೇಳಬಹುದಾದ ಕಾಲ ಬಾಳಿನಲ್ಲಿ ಬರುವುದು ಬಹುಶಃ ಇದೊಂದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎಂಜಿನಿಯರುಗಳು ಜೀವಶಾಸ್ತ್ರಜ್ಞರೊಡನೆ ಕಲೆತು ದುಡಿಯುವ ವಿಭಾಗವಿದೆ, ಸಿ. ವಿ. ರಾಮನ್ನರ ಹೆಸರಿನ ಡಾಕ್ಟರೇಟೋತ್ತರ ಫೆಲೋಷಿಪ್ಪೂ ಇದೆ. ನಮ್ಮ ಮಕ್ಕಳು ಈ ದಾರಿ ಹಿಡಿಯಲು ಕಡಲು ದಾಟಲೇಬೇಕೆಂದಿಲ್ಲ.

ಬೇರೆ ಕೆಲಸ ನೋಡಿಕೋ ಎಂಬ ಉಪದೇಶ ಕೇಳಿದ ಎಂ.ಐ.ಟಿ.ಯಲ್ಲಿಯೇ ಲ್ಯಾಂಗರರು ಉಳಿದರು. 2005ರಲ್ಲಿ ಆ ಸಂಸ್ಥೆಯು ತನ್ನ ಅಧ್ಯಾಪಕರಿಗೆ ಕೊಡುವ ಅತ್ಯುನ್ನತ ಸ್ಥಾನವನ್ನು ಅವರಿಗೆ ಕೊಟ್ಟಿತು. ಅವರ ಪ್ರಯೋಗಶಾಲೆಯಲ್ಲಿ ದುಡಿದು ಹೋದ ಪೋಸ್ಟ್‌ಡಾಕ್‌ಗಳು ಇಂದು ನಾನಾ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾಗಿದ್ದಾರೆ. ಒಂಟಿ ಎಂಜಿನಿಯರನಿಗೆ ಅಂದು ಒಬ್ಬ ಶಸ್ತ್ರವೈದ್ಯರು ಬಾಗಿಲು ತೆರೆದರು. ಆ ಬಾಗಿಲನ್ನು ಲ್ಯಾಂಗರರು ತಮ್ಮ ಹಿಂದೆ ಮುಚ್ಚಲಿಲ್ಲ.