ಗುಣುಗುಟ್ಟುವ ನಾಲಿಗೆಯೂ ಸ್ತುತಿಸುವ ನಾಲಿಗೆಯೂ

ಮನುಷ್ಯನ ನಾಲಿಗೆಗೆ ಅತಿ ಸುಲಭವಾದ ಕೆಲಸವು ಯಾವುದೆಂದು ಕೇಳಿದರೆ, ಗುಣುಗುಟ್ಟುವುದೇ ಎಂದು ಹೇಳಬೇಕಾಗುವುದು. ಮಳೆ ಬಾರದಿದ್ದರೆ ಬೆಳೆ ಒಣಗಿತೆನ್ನುತ್ತೇವೆ. ಬಂದರೆ ಬಟ್ಟೆ ಒಣಗಲಿಲ್ಲವೆನ್ನುತ್ತೇವೆ. ಪರರ ಮಾತೇಕೆ? ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುವೆವು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತು, ಕಣ್ಣು ಮುಚ್ಚಿ, ಅನ್ನದಾತನಾದ ದೇವರಿಗೆ ಸ್ತೋತ್ರವನ್ನು ಸಲ್ಲಿಸಿದೆವು. ಕಣ್ಣು ತೆರೆದು ಮೊದಲ ತುತ್ತನ್ನು ಬಾಯಿಗಿಟ್ಟೊಡನೆಯೇ, “ಸಾರಿಗೆ ಉಪ್ಪು ಹೆಚ್ಚಾಗಿದೆ” ಎಂದು ಮುಖವನ್ನು ಸಿಂಡರಿಸಿದೆವು. ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದ ನಮ್ಮ ಮನೆಯವರು ಏನೊಂದೂ ಮಾತನಾಡದೆ ಎದ್ದು ಒಳಗೆ ಹೋದರು. ಆ ದಿನದ ಊಟವು ನಮಗೆ ರುಚಿಸಲಿಲ್ಲ. ಅದಕ್ಕೆ ಕಾರಣವು ಉಪ್ಪಲ್ಲ.

ಆ ಸಂಜೆ ಸತ್ಯವೇದದಲ್ಲಿ ಇಸ್ರಾಯೇಲ್ಯರ ಅರಣ್ಯಪ್ರಯಾಣದ ವೃತ್ತಾಂತವನ್ನು ತೆರೆದು ಓದಿದೆವು. ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿ ಇನ್ನೂ ಒಂದೂವರೆ ತಿಂಗಳೂ ಕಳೆದಿರಲಿಲ್ಲ. ಅಷ್ಟರಲ್ಲಿಯೇ ಆ ಜನರು ಊಟದ ವಿಷಯವಾಗಿ ಮೋಶೆ ಆರೋನರ ಮೇಲೆ ಗುಣುಗುಟ್ಟಿದರು. ಮುಂದೆ ಮನ್ನವು ದಿನದಿನವೂ ದೊರೆಯುತ್ತಿದ್ದರೂ, ಐಗುಪ್ತದ ಮೀನು, ಸವತೇಕಾಯಿ, ನೀರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತರು. ನೀರುಳ್ಳಿಯ ರುಚಿಯು ನೆನಪಿಗೆ ಬಂದಿತು; ಬೆನ್ನ ಮೇಲೆ ಬಿದ್ದ ಪೆಟ್ಟುಗಳು ನೆನಪಿಗೆ ಬರಲಿಲ್ಲ. ಗುಣುಗುಟ್ಟುವವನ ಜ್ಞಾಪಕಶಕ್ತಿಯು ಹೀಗೆ ಅರ್ಧವನ್ನು ಮಾತ್ರ ಕಾಪಾಡುವುದು. ಅಷ್ಟೇ ಅಲ್ಲ, ಜನರ ಗುಣುಗುಟ್ಟುವಿಕೆಯು ತಮ್ಮ ಮೇಲಲ್ಲ, ದೇವರ ಮೇಲೆಯೇ ಎಂದು ಮೋಶೆಯು ಅವರಿಗೆ ತಿಳಿಯಹೇಳಿದನು. ದೇವರ ಮೇಲಣ ನಮ್ಮ ಅಸಂತೋಷವು ಹತ್ತಿರದಲ್ಲಿರುವವರ ಮೇಲೆಯೇ ಮೊದಲು ಬೀಳುವುದೆಂಬುದನ್ನು ಅಂದು ನಾವು ಕಂಡುಕೊಂಡೆವು.

ಆದರೆ ವಾಚಕರು ನಮ್ಮನ್ನು ಹೀಗೆ ಕೇಳಬಹುದು: “ಉಪ್ಪು ಸಾರುಗಳ ಮಾತಿರಲಿ; ಮನೆಯಲ್ಲಿ ಸಾವು, ಬಡತನ, ಬೇನೆಗಳು ಬಂದಾಗಲೂ ಸ್ತೋತ್ರವನ್ನು ಮಾಡಬೇಕೋ?” ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನಮ್ಮ ಮಾತಿಗಿಂತಲೂ ಒಬ್ಬ ಸಭಾಪಾಲಕನ ಜೀವಿತವು ಉತ್ತಮವಾದ ಉತ್ತರವನ್ನು ಕೊಡುವುದು.

ಮಾರ್ಟಿನ್ ರಿಂಕಾರ್ಟನು 1586ರಲ್ಲಿ ಜರ್ಮನಿಯ ಸಾಕ್ಸನಿ ಸೀಮೆಯ ಐಲೆನ್‌ಬುರ್ಗ್ ಎಂಬ ಪಟ್ಟಣದಲ್ಲಿ ಹುಟ್ಟಿದನು. 1617ರಲ್ಲಿ ಅದೇ ಪಟ್ಟಣಕ್ಕೆ ಸಭಾಸೇವಕನಾಗಿ ಬಂದನು. ಮರುವರುಷವೇ ಮೂವತ್ತು ವರ್ಷಗಳ ಯುದ್ಧವು ಪ್ರಾರಂಭವಾಯಿತು. ಐಲೆನ್‌ಬುರ್ಗಿಗೆ ಕೋಟೆಗೋಡೆಯಿದ್ದುದರಿಂದ ಸುತ್ತಲಿನ ಹಳ್ಳಿಗಳ ನಿರಾಶ್ರಿತರು ಅಲ್ಲಿಗೆ ಬಂದು ತುಂಬಿದರು. ಅವರ ಹಿಂದೆಯೇ ಹಸಿವೂ ರೋಗವೂ ಬಂದವು. 1637ರ ಮಹಾ ಪಿಡುಗಿನಲ್ಲಿ ಜೊತೆಯ ಬೋಧಕರು ಸತ್ತೋ ಊರನ್ನು ಬಿಟ್ಟೋ ಹೋಗಲು, ರಿಂಕಾರ್ಟನೊಬ್ಬನೇ ಉಳಿದನು. ಕೆಲವು ದಿನ ನಲವತ್ತು ಐವತ್ತು ಶವಗಳ ಮುಂದೆ ಆತನು ಪ್ರಾರ್ಥನೆಯನ್ನು ಓದಬೇಕಾಯಿತು. ಹೀಗೆ ನಾಲ್ಕು ಸಾವಿರಕ್ಕೂ ಮೀರಿದ ಜನರಿಗೆ ಸಮಾಧಿಸಂಸ್ಕಾರವನ್ನು ಮಾಡಿದನು. ಆ ವರುಷವೇ ಆತನ ಧರ್ಮಪತ್ನಿಯೂ ತೀರಿಹೋದಳು. ಬಳಿಕ ಕ್ಷಾಮವು ಬಂದಾಗ, ಇದ್ದುದನ್ನು ಹಸಿದವರಿಗೆ ಹಂಚಿ, ತನ್ನ ಮಕ್ಕಳ ಅನ್ನವಸ್ತ್ರಗಳಿಗೆ ತಾನೇ ಸಾಲಮಾಡುವ ಸ್ಥಿತಿಗೆ ಬಂದನು.

ಇಂದಿಗೂ ಲೋಕದ ನಾನಾ ಸಭೆಗಳಲ್ಲಿ ಹಾಡಲ್ಪಡುವ ಒಂದು ಕೃತಜ್ಞತಾಗೀತವನ್ನು ಬರೆದವನು ಈತನೇ. ಪಿಡುಗಿಗೆ ಕೆಲವು ವರ್ಷ ಮುಂಚೆ, ಯುದ್ಧವು ನಡೆಯುತ್ತಿದ್ದಾಗಲೇ, ತನ್ನ ಮನೆಯವರು ಊಟದ ವೇಳೆಯಲ್ಲಿ ಹಾಡಲೆಂದು ಇದನ್ನು ರಚಿಸಿದನೆಂದು ತಿಳಿದವರು ಹೇಳುತ್ತಾರೆ. ನೋಡಿರಿ, ಅದು ಜಯೋತ್ಸವದ ಹಾಡಲ್ಲ, ಊಟದ ಹಾಡು! ರೊಟ್ಟಿಯು ಕಡಿಮೆಯಾಗಿದ್ದ ಕಾಲದಲ್ಲಿ ಹುಟ್ಟಿದ ಹಾಡು. ಜರ್ಮನ್ ಗೀತಗಳ ಭಕ್ತಿಯೂ ರಾಗಗಳೂ ನಮ್ಮ ಕನ್ನಡ ಸಭೆಗಳಿಗೆ ದೊರೆತದ್ದು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರ ಮೂಲಕವಾಗಿಯೇ.

ಕೃತಜ್ಞತೆಯೆಂದರೆ ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವುದೆಂದು ಯಾರೂ ತಿಳಿಯಬಾರದು. ಸ್ವೀಡನ್ನಿನ ಸೇನೆಯು ಬಡಪಟ್ಟಣದ ಮೇಲೆ ಮೂವತ್ತು ಸಾವಿರ ನಾಣ್ಯಗಳ ದಂಡವನ್ನು ಹೊರಿಸಿದಾಗ, ರಿಂಕಾರ್ಟನು ಪಾಳೆಯಕ್ಕೆ ಹೋಗಿ ಬೇಡಿಕೊಂಡನು. ಅವರು ಕೇಳದಿರಲು ಜನರೊಡನೆ ಮೊಣಕಾಲೂರಿ ಪ್ರಾರ್ಥಿಸಿದನು. ಕಡೆಗೆ ದಂಡವು ಬಹಳ ಮಟ್ಟಿಗೆ ಕಡಿಮೆಯಾಯಿತು. ದುಃಖವನ್ನು ಮರೆಮಾಡುವುದೂ ಕೃತಜ್ಞತೆಯಲ್ಲ. ಕೀರ್ತನೆಗಳ ಪುಸ್ತಕದಲ್ಲಿ ದೇವರ ಮುಂದೆ ಸುರಿಸಿದ ಕಣ್ಣೀರು ಎಷ್ಟಿಲ್ಲ! ಅಳುವವನು ದೇವರ ಕಡೆಗೆ ಮುಖಮಾಡಿ ಅಳುತ್ತಾನೆ. ಗುಣುಗುಟ್ಟುವವನು ಬೆನ್ನುಮಾಡಿ ನುಡಿಯುತ್ತಾನೆ. ಇವೆರಡರ ಭೇದವು ಇಷ್ಟೇ. ಪೌಲನು ಥೆಸಲೋನಿಕದವರಿಗೆ ಬರೆದಾಗಲೂ, ಎಲ್ಲಾ ಸ್ಥಿತಿಗಳಲ್ಲಿ ಸ್ತೋತ್ರಮಾಡಬೇಕೆಂದನೇ ಹೊರತು, ಕೇಡನ್ನು ಒಳಿತೆಂದು ಕರೆಯಬೇಕೆನ್ನಲಿಲ್ಲ. ನಮ್ಮ ಕರ್ತನು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿಯೇ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿದನು. ಮುಂದೆ ಬರುವ ಶಿಲುಬೆಯನ್ನು ಅರಿತಿದ್ದೂ, ಕೈಯಲ್ಲಿದ್ದ ರೊಟ್ಟಿಗಾಗಿ ತಂದೆಯನ್ನು ಸ್ತುತಿಸಿದನು.

ದಕ್ಷಿಣ ಕನ್ನಡದ ಕಥೋಲಿಕ ಕುಟುಂಬಗಳಲ್ಲಿ ಪ್ರತಿ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನನದ ಹಬ್ಬದಲ್ಲಿ, ಹೊಸ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಗೆ ತಂದು, ಆ ಹೊಸ ಅಕ್ಕಿಯನ್ನು ಹಾಲು ಪಾಯಸಗಳಲ್ಲಿ ಬೆರೆಸಿ ಎಲ್ಲರೂ ಕೂಡಿ ಉಣ್ಣುವ ವಾಡಿಕೆಯುಂಟು. ಪಾಲಿಗೆ ಬರುವುದು ಕೆಲವೇ ಕಾಳು. ಆದರೂ ಇಡೀ ಕುಟುಂಬವು ಅದಕ್ಕಾಗಿ ಕಾದಿರುವುದು. ವರುಷಕ್ಕೊಮ್ಮೆ ಕೆಲವು ಕಾಳುಗಳಿಗೆ ಸಲ್ಲುವ ಗೌರವವು ದಿನದಿನದ ಅನ್ನಕ್ಕೂ ಸಲ್ಲಬಾರದೇ?

ಆದಕಾರಣ ನಾವು ನಮ್ಮ ಮನೆಯಲ್ಲಿ ಒಂದು ಚಿಕ್ಕ ನೇಮವನ್ನು ಇಟ್ಟುಕೊಂಡಿದ್ದೇವೆ. ಊಟದ ಸ್ತೋತ್ರವಾದ ಮೇಲೆ ಮೊದಲನೆಯ ಮಾತು ದೂರಾಗಿರಬಾರದು. ಅಡಿಗೆ ಮಾಡಿದವರಿಗೆ ಒಂದು ಒಳ್ಳೆಯ ಮಾತಾಗಿರಬೇಕು. ಈ ನೇಮವನ್ನು ನಾವು ಹಲವು ಸಾರಿ ಮುರಿದಿದ್ದೇವೆಂಬುದನ್ನು ಮರೆಮಾಡಲಾರೆವು. ಆದರೂ ಮೊನ್ನೆ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನಾವು ಸುಮ್ಮನೆ ಎದ್ದುಹೋಗಿ ಉಪ್ಪಿನ ಮರಿಗೆಯನ್ನು ತಂದು ನಡುವೆ ಇಟ್ಟೆವು. ನಮ್ಮ ಮನೆಯವರು ನಕ್ಕರು, ಮಕ್ಕಳೂ ನಕ್ಕರು. ಆ ದಿನದ ಊಟವು ಬಹಳ ರುಚಿಯಾಗಿತ್ತು.