ಬೆದೆ ಇಳಿದ ಮೇಲೆ ವಾಪಿಟಿ ಬೇಟೆ

ಅಮೆರಿಕದವರು ಎಲ್ಕ್ ಎಂದು ಕರೆಯುವ ಮೃಗದ ಚಿತ್ರವನ್ನು ನಮ್ಮಲ್ಲಿ ಅನೇಕರು ಕ್ಯಾಲೆಂಡರಿನಲ್ಲೋ ಮಕ್ಕಳ ಪುಸ್ತಕದಲ್ಲೋ ಕಂಡಿರಬಹುದು. ಬೆನ್ನಿನತ್ತ ಚಾಚಿಕೊಂಡ, ಒಣಮರದ ಗೆಲ್ಲುಗಳಂತಹ ಕೊಂಬು. ಕುತ್ತಿಗೆಯ ಸುತ್ತ ಕಪ್ಪುಗಂದು ಜೂಲು. ಹಿಂಭಾಗದಲ್ಲಿ ಮಾಸಲು ಬಿಳಿಯ ಮಚ್ಚೆ. ಈ ಹೆಸರಿನಿಂದ ಮಕ್ಕಳಿಗೆ ಆಗುವ ಗೊಂದಲ ಅಷ್ಟಿಷ್ಟಲ್ಲ. ಯುರೋಪಿನಲ್ಲಿ ಎಲ್ಕ್ ಎಂದರೆ ಅಮೆರಿಕದವರು ಮೂಸ್ ಎನ್ನುವ ಬೇರೆಯೇ ಪ್ರಾಣಿ. ನೀಲಗಿರಿಯಲ್ಲೂ ಸಿಂಹಳದಲ್ಲೂ ಬೇಟೆಯಾಡಿದ ಬ್ರಿಟಿಷರು ನಮ್ಮ ಕಡವೆಯನ್ನೇ ಎಲ್ಕ್ ಎಂದು ಬರೆದಿಟ್ಟರು. ಹಳೆಯ ನಿಘಂಟುಗಳಲ್ಲಿ ಕಡವೆಗೆ ಆ ಅರ್ಥ ಇನ್ನೂ ಉಳಿದುಕೊಂಡಿದೆ. ತುಳುವಿನ ಕಡಮ, ಮಲಯಾಳದ ಮ್ಲಾವು ಎಂದರೂ ಅದೇ ಕಡವೆ. ಅಮೆರಿಕದ ಎಲ್ಕ್ ಈ ಎರಡೂ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ಶಾನೀ ಜನರ ನುಡಿಯಿಂದ ಬಂದ ವಾಪಿಟಿ, ಅಂದರೆ ಬಿಳಿಯ ಹಿಂಭಾಗದ್ದು, ಎಂಬ ಹೆಸರೇ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿಯೂ ಅದನ್ನೇ ಬಳಸುತ್ತೇನೆ.

ರಾಕಿ ಪರ್ವತದ ಬೆಳೆದ ಗಂಡು ವಾಪಿಟಿ ಭುಜದ ಬಳಿ ಐದಡಿ ಎತ್ತರ, ಮುನ್ನೂರು ಕಿಲೋಗೂ ಮಿಕ್ಕಿದ ತೂಕ. ಪ್ರತಿವರ್ಷ ಚಳಿಗಾಲದ ಕೊನೆಗೆ ಕೊಂಬು ಉದುರಿ, ಬೇಸಗೆಯಲ್ಲಿ ಹೊಸದು ಮೂಡುತ್ತದೆ. ಚೆನ್ನಾಗಿ ಬಲಿತ ಗಂಡಿನ ಕೊಂಬಿನ ಜೋಡಿ ಹದಿನೆಂಟು ಕಿಲೋದಷ್ಟು ತೂಗುವುದೂ ಉಂಟು. ಇಷ್ಟು ಭಾರದ ಎಲುಬನ್ನು ಕೆಲವೇ ತಿಂಗಳಲ್ಲಿ ಬೆಳೆಸಿ, ಒಂದೇ ಋತುವಿನ ಕದನಕ್ಕೆ ಬಳಸಿ, ಮತ್ತೆ ಕಾಡಿನಲ್ಲಿ ಬಿಸಾಡುವುದು ಸೃಷ್ಟಿಯ ದುಂದುಗಾರಿಕೆಯೇ ಸರಿ.

ಆ ಕದನದ ಕಾಲ ಸೆಪ್ಟೆಂಬರ್. ಆಗ ಗಂಡಿಗೆ ಬೆದೆ. ತನ್ನದೇ ಮೂತ್ರದಲ್ಲಿ ಕಲಸಿದ ಕೆಸರಿನಲ್ಲಿ ಹೊರಳಾಡುತ್ತದೆ, ಎಳೆಮರಗಳ ತೊಗಟೆಯನ್ನು ಕೊಂಬಿನಿಂದ ಸುಲಿದು ಹಾಕುತ್ತದೆ, ಹತ್ತಿಪ್ಪತ್ತು ಹೆಣ್ಣುಗಳನ್ನು ಒಂದೆಡೆ ಕೂಡಿಸಿ ಹಗಲಿರುಳು ಕಾವಲು ಕಾಯುತ್ತದೆ. ಅದರ ಕೂಗು ಕೆಳಸ್ವರದಲ್ಲಿ ಮೊದಲಾಗಿ ಏರೇರುತ್ತಾ ಸೀಟಿಯಂತಾಗಿ ಕೊನೆಗೆ ಕೆಲವು ಗೊಗ್ಗರು ಹೂಂಕಾರಗಳಲ್ಲಿ ಮುಗಿಯುತ್ತದೆ. ಇಷ್ಟು ದೊಡ್ಡ ಮೈಯಿಂದ ಅಷ್ಟು ತೆಳ್ಳನೆಯ ಸ್ವರವೇ ಎಂದು ಮೊದಲ ಬಾರಿ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಈ ಕೂಗನ್ನು ಅನುಕರಿಸಿದರೆ ಗಂಡು ಎದುರಾಳಿಯೆಂದು ಭ್ರಮಿಸಿ ತಾನಾಗಿ ಬಳಿಗೆ ಬರುವುದುಂಟು. ಆದ್ದರಿಂದಲೇ ಮೊಂಟಾನಾ, ಕೊಲರಾಡೊ ಮೊದಲಾದ ರಾಜ್ಯಗಳಲ್ಲಿ ಸೆಪ್ಟೆಂಬರ್ ತಿಂಗಳು ಬಹುಮಟ್ಟಿಗೆ ಬಿಲ್ಲು ಬಾಣದವರಿಗೆ ಮೀಸಲು. ಹತ್ತಿರ ಹೋಗದೆ ಬಾಣ ನಾಟುವುದಿಲ್ಲವಷ್ಟೆ. ದೂರದಿಂದ ಹೊಡೆಯಬಲ್ಲ ರೈಫಲಿನವರ ಮುಖ್ಯ ಅವಧಿ ಬರುವುದು ಬೆದೆಯ ಉಬ್ಬರ ಇಳಿದ ಮೇಲೆ: ಕೊಲರಾಡೊದಲ್ಲಿ ಅಕ್ಟೋಬರ್ ನಡುವಿನಿಂದ ಹಲವು ಕಂತುಗಳಲ್ಲಿ, ಮೊಂಟಾನಾದಲ್ಲಿ ಅಕ್ಟೋಬರ್ ಕೊನೆಯಿಂದ ಐದು ವಾರ. ಅಷ್ಟರಲ್ಲಿ ಹೆಣ್ಣುಗಳು ಗರ್ಭ ಧರಿಸಿರುತ್ತವೆ, ಮುಂದಿನ ಸಂತತಿಗೆ ಭಂಗವಿಲ್ಲ. ಕೂಡಿಕೊಂಡಿದ್ದ ಜಿಂಕೆಗೆ ಬಾಣ ಬಿಟ್ಟು ಕಿಂದಮ ಋಷಿಯಿಂದ ಶಾಪ ಪಡೆದ ಪಾಂಡುವಿನ ಕಥೆ ನಮ್ಮ ತಾಳಮದ್ದಳೆಯ ಶ್ರೋತೃಗಳಿಗೆಲ್ಲ ಗೊತ್ತು. ಅಮೆರಿಕದ ಅರಣ್ಯಾಧಿಕಾರಿಗಳಿಗೆ ಮಹಾಭಾರತ ತಿಳಿದಿರಲಾರದು. ಲೆಕ್ಕಾಚಾರದ ದಾರಿಯಲ್ಲಿ ಅವರೂ ಸರಿಸುಮಾರು ಅಲ್ಲಿಗೇ ಬಂದು ಮುಟ್ಟಿದ್ದಾರೆ.

ಮೌನ ಹಿಡಿದ ಗಂಡು

ಬೆದೆ ಇಳಿದ ಗಂಡು ಬೇರೆಯೇ ಪ್ರಾಣಿ ಎನ್ನಬೇಕು. ಮೂರು ನಾಲ್ಕು ವಾರ ಅದು ಸರಿಯಾಗಿ ಮೇದಿಲ್ಲ, ಮಲಗಿಲ್ಲ. ಮೈತೂಕದ ಐದರಲ್ಲಿ ಒಂದಂಶದವರೆಗೂ ಕರಗಿರುತ್ತದೆ. ಪಕ್ಕೆಗಳಲ್ಲಿ, ಕುತ್ತಿಗೆಯಲ್ಲಿ ಕೊಂಬಿನ ತಿವಿತದ ಗಾಯಗಳು. ಮುಂದೆ ಕಾದಿರುವುದು ಹಿಮದ ಚಳಿಗಾಲ. ಉಳಿದಿರುವ ಕೆಲವು ವಾರಗಳಲ್ಲಿ ಮೈ ತುಂಬಿಕೊಳ್ಳದಿದ್ದರೆ ಬದುಕುವುದೇ ಕಷ್ಟ. ಹಾಗಾಗಿ ಅದು ಹೆಣ್ಣುಗಳ ಹಿಂಡನ್ನು ಬಿಟ್ಟು ಒಂಟಿಯಾಗಿ, ಇಲ್ಲವೇ ತನ್ನಂತಹ ಎರಡು ಮೂರು ಗಂಡುಗಳೊಂದಿಗೆ, ಯಾರೂ ಬಾರದ ಮೂಲೆಯನ್ನು ಹುಡುಕುತ್ತದೆ. ನಿನ್ನೆ ಹಣೆಗೆ ಹಣೆ ಕೊಟ್ಟು ಕಾದಿದವು ಇಂದು ಒಂದೇ ಮರದಡಿ ಮಲಗುತ್ತವೆ. ಕೂಗು ನಿಲ್ಲುತ್ತದೆ. ಸೆಪ್ಟೆಂಬರಿನಲ್ಲಿ ಗರ್ಭ ನಿಲ್ಲದ ಹೆಣ್ಣುಗಳು ಸುಮಾರು ಮೂರು ವಾರಗಳ ಮೇಲೆ ಮತ್ತೊಮ್ಮೆ ಬೆದೆಗೆ ಬರುವುದರಿಂದ ಅಕ್ಟೋಬರಿನಲ್ಲೂ ಅಲ್ಲೊಂದು ಇಲ್ಲೊಂದು ಕೂಗು ಕೇಳಿಸಬಹುದು. ಅದನ್ನೇ ನಂಬಿ ಕುಳಿತ ಬೇಟೆಗಾರ ಕುಳಿತೇ ಇರುತ್ತಾನೆ.

ಈ ಕಾಲದ ಬೇಟೆಗೆ ಒಂದೇ ಪ್ರಶ್ನೆ: ದಣಿದು ಹಸಿದ ಗಂಡಿಗೆ ಈಗ ಏನು ಬೇಕು? ಮೇವು, ನೀರು, ಮರೆ. ಈ ಮೂರೂ ಕೆಲವು ನೂರು ಗಜಗಳೊಳಗೆ ಸಿಗುವ ತಾಣ ಎಲ್ಲಿದೆಯೋ ಅಲ್ಲಿ ಅದು ಇರುತ್ತದೆ. ಅಂಥ ತಾಣ ಸಾಮಾನ್ಯವಾಗಿ ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು. ಬಿಸಿಲು ಕಡಿಮೆ ಬೀಳುವುದರಿಂದ ಅಲ್ಲಿ ಫರ್, ಸ್ಪ್ರೂಸ್ ಮರಗಳು ಒತ್ತಾಗಿ ಬೆಳೆದು ಹಗಲೂ ಕತ್ತಲು ಕವಿದಂತಿರುತ್ತದೆ. ನಡುವೆ ನಮ್ಮ ಮನೆಯಂಗಳದಷ್ಟು ಅಗಲದ ಹುಲ್ಲಿನ ತೆರವು ಒಂದಿದ್ದರೆ ಸಾಕು, ಗಂಡು ವಾಪಿಟಿ ದಿನಗಟ್ಟಲೆ ಅಲ್ಲಿಂದ ಕದಲುವುದಿಲ್ಲ. ಮೊದಲ ಹಿಮ ಬಿದ್ದಾಗ ಮರಿಗಳುಳ್ಳ ಹೆಣ್ಣುಗಳು ಕಣಿವೆಗೆ ಇಳಿಯುತ್ತವೆ; ಮುದಿ ಗಂಡುಗಳು ಮೊಣಕಾಲಿನ ಮಟ್ಟದ ಹಿಮವನ್ನೂ ಲೆಕ್ಕಿಸದೆ ಎತ್ತರದಲ್ಲೇ ನಿಲ್ಲುತ್ತವೆ. ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಿ ಕಾಯುವವರಿಗೆ ಹಿಂಡು ಕಂಡರೂ ಗಂಡು ಕಾಣದಿರುವುದು ಇದೇ ಕಾರಣಕ್ಕೆ.

ಆದ್ದರಿಂದ ಬಲ್ಲವರು ಕತ್ತಲಿರುವಾಗಲೇ ಎದುರಿನ ಗುಡ್ಡೆಯನ್ನು ಹತ್ತಿ ಕುಳಿತು, ಬೆಳಕು ಹರಿಯುವ ಹೊತ್ತಿಗೆ ದುರ್ಬೀನಿನಿಂದ ಆ ಇಳಿಜಾರನ್ನು ಗೇಣು ಗೇಣಾಗಿ ಸೋಸುತ್ತಾರೆ. ಇಡೀ ಮೃಗ ಕಾಣಬೇಕೆಂದು ಹುಡುಕಿದರೆ ಕಾಣದು. ಮರದ ಕಾಂಡಗಳ ನಡುವೆ ಅಡ್ಡಗೆರೆಯಂತಹ ಬೆನ್ನು, ಬಿಸಿಲು ತಾಗಿ ಮಿಂಚುವ ಕೊಂಬಿನ ತುದಿ, ಅಷ್ಟೇ ಗುರುತು. ಗಂಡು ಮೇಯುವುದು ನಸುಕು ಮತ್ತು ಮುಸ್ಸಂಜೆಯ ಅರೆಗಳಿಗೆ. ಕಾನೂನು ಗುಂಡು ಹಾರಿಸಲು ಬಿಡುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ಅನಂತರದವರೆಗೆ. ಉಳಿದ ಹೊತ್ತೆಲ್ಲ ಚಳಿಯಲ್ಲಿ ಕೂತಿರುವುದೇ.

ಕಂಡಾಯಿತು ಎನ್ನಿ. ಇನ್ನು ಗಾಳಿಯ ಸಂಗತಿ. ವಾಪಿಟಿಯ ಕಣ್ಣನ್ನು ವಂಚಿಸಬಹುದು, ಮೂಗನ್ನು ಸಾಧ್ಯವಿಲ್ಲ. ಪರ್ವತದಲ್ಲಿ ಮುಂಜಾನೆ ತಂಪು ಗಾಳಿ ನೀರಿನಂತೆ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದ ಮೇಲೆ ಇಳಿಜಾರನ್ನು ಹತ್ತುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಬೆಳಗ್ಗೆ ಕೆಳಗಿನಿಂದ, ಮಧ್ಯಾಹ್ನ ಮೇಲಿನಿಂದ ಸಮೀಪಿಸಬೇಕೆಂಬ ನಿಯಮ ಇದರಿಂದ ಬಂದದ್ದು. ಗಾಳಿ ತಿರುಗುವ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುವವನೇ ಜಾಣ. ಅತ್ತ ಕಡೆಯಿಂದ ಗಾಳಿ ಬೀಸಿದರೆ ಮನುಷ್ಯನ ಮೂಗಿಗೂ ವಾಪಿಟಿಯ ವಾಸನೆ ತಿಳಿಯುತ್ತದಂತೆ: ನಮ್ಮ ದನದ ಹಟ್ಟಿಯದೇ ವಾಸನೆ.

ಕೋವಿಯ ಬಗ್ಗೆ ಬೇಟೆಗಾರರಲ್ಲಿ ಮುಗಿಯದ ವಾದವಿದೆ. 1906ರಲ್ಲಿ ಸೈನ್ಯಕ್ಕಾಗಿ ಬಂದ ಥರ್ಟಿ ಆಟ್ ಸಿಕ್ಸ್ ತೋಟೆ, 1925ರ ಟೂ ಸೆವೆಂಟಿ ವಿಂಚೆಸ್ಟರ್, ಆಮೇಲಿನ ಮ್ಯಾಗ್ನಮ್‌ಗಳು, ಎಲ್ಲದಕ್ಕೂ ಅಭಿಮಾನಿಗಳಿದ್ದಾರೆ. ತೋಟೆಗಿಂತ ಗುರಿ ದೊಡ್ಡದು ಎಂಬುದರಲ್ಲಿ ಮಾತ್ರ ಹಿರಿಯರಿಗೆ ಭಿನ್ನಾಭಿಪ್ರಾಯವಿಲ್ಲ. ಮುಂಗಾಲಿನ ಹಿಂದೆ, ಎದೆಯ ಎತ್ತರದ ಮೂರರಲ್ಲಿ ಒಂದಂಶದ ಮೇಲೆ, ಶ್ವಾಸಕೋಶಕ್ಕೆ ಗುಂಡು ನಾಟಬೇಕು. ಪೃಷ್ಠ ತೋರಿಸಿ ನಿಂತ ಗಂಡಿಗೆ ಹೊಡೆಯಬಾರದು. ಶ್ವಾಸಕೋಶ ತೂತಾದರೂ ಈ ಮೃಗ ಏನೂ ಆಗದಂತೆ ನೂರು ಗಜ ನಡೆದುಹೋಗಬಲ್ಲುದು. ಬೆದೆಯಲ್ಲಿ ಸವೆದ ಗಂಡು ಗಾಯಗೊಂಡು ತಪ್ಪಿಸಿಕೊಂಡರೆ ಅದರ ಸಾವು ನಿಧಾನದ್ದು, ಯಾರ ಹೊಟ್ಟೆಗೂ ಆಗದ್ದು. ಹೊಡೆಯದೆ ಹಿಂದಿರುಗುವ ಮನಸ್ಸಿಲ್ಲದವನು ಕೋವಿ ಹಿಡಿಯಬಾರದು ಎಂದು ನನಗನ್ನಿಸುತ್ತದೆ. ಹೇಗೂ ಹೆಚ್ಚಿನವರು ಬರಿಗೈಯಲ್ಲೇ ಮರಳುತ್ತಾರೆ. ಅತಿ ದೊಡ್ಡ ವಾಪಿಟಿ ಸಂಖ್ಯೆಯುಳ್ಳ ಕೊಲರಾಡೊದಲ್ಲೇ ಯಶಸ್ಸು ಸುಮಾರಾಗಿ ಐವರಲ್ಲಿ ಒಬ್ಬನಿಗೆ.

ಈಡಾದ ಮೇಲಿನ ದುಡಿತ

ಗುಂಡು ಹಾರಿದ ಮೇಲೆ ಬೇಟೆ ಮುಗಿಯಿತೆಂದು ಸಿನಿಮಾ ನೋಡಿದವರು ತಿಳಿಯಬಹುದು. ನಿಜವಾದ ಕೆಲಸ ಆಗ ಮೊದಲಾಗುತ್ತದೆ. ಮುನ್ನೂರು ಕಿಲೋದ ಮೃಗ, ರಸ್ತೆಯಿಂದ ಮೂರು ನಾಲ್ಕು ಮೈಲು ದೂರ, ಎಂಟೊಂಬತ್ತು ಸಾವಿರ ಅಡಿ ಎತ್ತರ. ದಪ್ಪ ಚರ್ಮವೂ ಕುತ್ತಿಗೆಯ ಜೂಲೂ ಮೈಯ ಬಿಸಿಯನ್ನು ಹಿಡಿದಿಡುವುದರಿಂದ ಹೊರಗೆ ಹಿಮವಿದ್ದರೂ ತೊಡೆಯ ಎಲುಬಿನ ಬಳಿಯ ಮಾಂಸ ಒಂದು ರಾತ್ರಿಯಲ್ಲಿ ಹುಳಿಯಬಹುದು. ಕೂಡಲೇ ಸುಲಿದು, ಕಾಲುಗಳನ್ನು ಬೇರ್ಪಡಿಸಿ, ಬಟ್ಟೆಯ ಚೀಲಗಳಲ್ಲಿ ಹಾಕಿ ನೆರಳಿನಲ್ಲಿ ತೂಗಬೇಕು. ಎಲುಬು ತೆಗೆದ ಮೇಲೂ ನೂರು ಕಿಲೋದಷ್ಟು ಮಾಂಸ. ಕುದುರೆಯೋ ಹೇಸರಗತ್ತೆಯೋ ಇಲ್ಲದವನು ನಾಲ್ಕೈದು ಸಲ ಬೆನ್ನ ಮೇಲೆ ಹೊತ್ತು ಇಳಿಯಬೇಕು. ಅಷ್ಟರಲ್ಲಿ ಗ್ರಿಜ್ಲಿ ಕರಡಿಗೆ ವಾಸನೆ ತಾಗಿದರೆ ಮತ್ತೊಂದು ಪ್ರಕರಣ. ಮೊಂಟಾನಾ, ವಯೋಮಿಂಗ್‌ಗಳಲ್ಲಿ ಎರಡನೆಯ ಹೊರೆಗೆ ಮರಳಿದ ಬೇಟೆಗಾರನಿಗೆ ಕರಡಿ ಎದುರಾದದ್ದು ಅಪರೂಪವಲ್ಲ.

ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರೇ ಕೊಂಬು ಹೊತ್ತು ಬಂದರೆ ಅದು ಶಿಕ್ಷಾರ್ಹ ಅಪರಾಧ. ಮಾಂಸವನ್ನು ಮಾರುವಂತೆಯೂ ಇಲ್ಲ. ನಮ್ಮಲ್ಲಿಯ ಸ್ಥಿತಿ ಇದಕ್ಕೆ ಉಲ್ಟಾ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಪರವಾನಗಿಯುಳ್ಳ ಕೋವಿಯಿಂದ ಕೊಲ್ಲಿಸುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಾಗ ಹೆಣವನ್ನು ಹೂಳಬೇಕು, ತಿನ್ನಬಾರದು ಎಂಬುದು ಶರತ್ತು. ಅಮೆರಿಕದಲ್ಲಿ ತಿನ್ನದಿರುವುದು ತಪ್ಪು, ಇಲ್ಲಿ ತಿನ್ನುವುದು ತಪ್ಪು.

ಅಮೆರಿಕದ ಈ ಕಟ್ಟುನಿಟ್ಟಿಗೆ ಹಿನ್ನೆಲೆಯಿದೆ. ಬಿಳಿಯರು ಬರುವ ಮೊದಲು ಒಂದು ಕೋಟಿಯಷ್ಟು ಇದ್ದಿರಬಹುದೆಂದು ಅಂದಾಜಿಸಲಾದ ವಾಪಿಟಿಗಳು 1900ರ ಸುಮಾರಿಗೆ ಒಂದು ಲಕ್ಷಕ್ಕಿಂತಲೂ ಕೆಳಕ್ಕಿಳಿದಿದ್ದವು. ಮಾಂಸದ ವ್ಯಾಪಾರ, ಚರ್ಮದ ವ್ಯಾಪಾರ, ಕೊನೆಗೆ ಗಡಿಯಾರದ ಸರಪಳಿಗೆ ತೂಗಹಾಕುವ ಎರಡು ಕೋರೆಹಲ್ಲುಗಳಿಗಾಗಿಯೂ ಕೊಂದರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಂತೆ ರೈಫಲು, ತೋಟೆಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿಗಳ ಪೋಷಣೆಗೆ ಹೋಗುತ್ತದೆ. ಇಂದು ಸಂಖ್ಯೆ ಸುಮಾರು ಹತ್ತು ಲಕ್ಷ. ಕೋವಿ ಹಿಡಿದವರ ಹಣದಿಂದಲೇ ಮೃಗ ಉಳಿಯಿತೆಂದರೆ ನಮ್ಮ ಅಹಿಂಸಾವಾದಿಗಳಿಗೆ ರುಚಿಸಲಿಕ್ಕಿಲ್ಲ. ಆದರೂ ಲೆಕ್ಕ ಲೆಕ್ಕವೇ.

ಗಡಿ ದಾಟಿದ ಹಿಂಡು

ನವೆಂಬರ್ ಕಳೆದು ಹಿಮ ದಪ್ಪಗಟ್ಟಿದಾಗ ಎತ್ತರದ ಗಂಡುಗಳೂ ಇಳಿಯಲೇಬೇಕು. ಇಳಿಯುವಾಗ ಉದ್ಯಾನದ ಎಲ್ಲೆ, ಖಾಸಗಿ ಬೇಲಿ, ರಾಜ್ಯದ ಗಡಿ ಯಾವುದೂ ಅವಕ್ಕೆ ಗೊತ್ತಿಲ್ಲ. ಬೆನ್ನಟ್ಟಿದ ಮನುಷ್ಯನಿಗೆ ಗೊತ್ತಿರಬೇಕು. ಇದರ ಮೇಲೆ ನಡೆದ ಒಂದು ಮೊಕದ್ದಮೆ ನಮ್ಮ ಓದುಗರು ತಿಳಿಯತಕ್ಕದ್ದು.

ಮೊಂಟಾನಾದ ದಕ್ಷಿಣದಲ್ಲಿ ಕ್ರೋ ಎಂಬ ಮೂಲನಿವಾಸಿಗಳ ಮೀಸಲು ಪ್ರದೇಶವಿದೆ. 1868ರಲ್ಲಿ ಅವರು ಮೂರು ಕೋಟಿ ಎಕ್ರೆಗೂ ಹೆಚ್ಚು ನೆಲವನ್ನು ಅಮೆರಿಕ ಸರಕಾರಕ್ಕೆ ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಂಡರು. ಯಾರೂ ನೆಲೆಸದ ಸರಕಾರಿ ಭೂಮಿಯಲ್ಲಿ, ಮೃಗಗಳಿರುವಷ್ಟು ಕಾಲ ಬೇಟೆಯಾಡುವ ಹಕ್ಕನ್ನು ಉಳಿಸಿಕೊಂಡರು. ಅಂದು ವಯೋಮಿಂಗ್ ಎಂಬ ರಾಜ್ಯ ಇರಲಿಲ್ಲ. ಅದು ರಾಜ್ಯವಾದದ್ದು 1890ರಲ್ಲಿ. ಐದೇ ವರ್ಷದಲ್ಲಿ ಇಂಥದ್ದೇ ಒಪ್ಪಂದವಿದ್ದ ಬ್ಯಾನಕ್ ಪಂಗಡದ ರೇಸ್ ಹಾರ್ಸ್ ಎಂಬವನು ಏಳು ವಾಪಿಟಿಗಳನ್ನು ಕೊಂದನೆಂದು ವಯೋಮಿಂಗಿನಲ್ಲಿ ಬಂಧಿತನಾದ. ಹೊಸ ರಾಜ್ಯ ಹುಟ್ಟಿದೊಡನೆ ಹಳೆಯ ಹಕ್ಕು ಸತ್ತಿತೆಂದು 1896ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ರಾಜ್ಯದ ಗೆರೆ ಬದಲಾದಾಗ ಅದಕ್ಕೂ ಹಿಂದಿನಿಂದ ಅಲ್ಲಿದ್ದವರ ಹಕ್ಕು ಏನಾಗುತ್ತದೆ ಎಂಬ ಪ್ರಶ್ನೆಯನ್ನು, 1956ರ ನವೆಂಬರ್ 1ನ್ನು ಕಂಡ ಮನೆಗಳವರಿಗೆ ನಾನು ವಿವರಿಸಬೇಕಾಗಿಲ್ಲ.

ಆ ತೀರ್ಪು ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. 2014ರ ಜನವರಿಯಲ್ಲಿ, ಬೆದೆ ಕಳೆದು ಮೂರು ತಿಂಗಳ ಮೇಲೆ, ಕ್ರೋ ಪಂಗಡದ ಕ್ಲೇವಿನ್ ಹೆರೇರಾ ಮತ್ತು ಸಂಗಡಿಗರು ತಮ್ಮ ಮೀಸಲು ಪ್ರದೇಶದಿಂದ ವಾಪಿಟಿ ಹಿಂಡೊಂದನ್ನು ಅನುಸರಿಸುತ್ತಾ ಗಡಿ ದಾಟಿ ವಯೋಮಿಂಗಿನ ಬಿಗ್‌ಹಾರ್ನ್ ರಾಷ್ಟ್ರೀಯ ಅರಣ್ಯವನ್ನು ಹೊಕ್ಕರು. ಅಲ್ಲಿ ಕೆಲವು ಗಂಡುಗಳನ್ನು ಹೊಡೆದು ಮಾಂಸವನ್ನು ಮೊಂಟಾನಾಕ್ಕೆ ಹೊತ್ತು ತಂದರು. ಅವಧಿಯಲ್ಲದ ಕಾಲದಲ್ಲಿ, ರಾಜ್ಯದ ಪರವಾನಗಿ ಇಲ್ಲದೆ ಬೇಟೆಯಾಡಿದ ಆರೋಪ ಬಂತು. ಒಪ್ಪಂದದ ಹಕ್ಕನ್ನು ಎತ್ತಿಹೇಳಲು ಕೆಳಗಿನ ಕೋರ್ಟು ಅವಕಾಶ ಕೊಡಲಿಲ್ಲ. ದಂಡ ವಿಧಿಸಿ ಮೂರು ವರ್ಷ ಬೇಟೆಯ ಅನುಮತಿಯನ್ನೂ ಕಿತ್ತುಕೊಂಡರು. ಹೆರೇರಾ ಬಿಡಲಿಲ್ಲ. 2019ರ ಮೇ 20ರಂದು ಸುಪ್ರೀಂ ಕೋರ್ಟು ಐವರು ಮತ್ತು ನಾಲ್ವರ ಬಹುಮತದಲ್ಲಿ, ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಬರೆದ ತೀರ್ಪಿನಲ್ಲಿ, ವಯೋಮಿಂಗ್ ರಾಜ್ಯವಾದ ಮಾತ್ರಕ್ಕೆ ಕ್ರೋ ಜನರ ಬೇಟೆಯ ಹಕ್ಕು ಅಳಿದಿಲ್ಲ, ಅರಣ್ಯವೆಂದು ಘೋಷಿಸಿದ ಮಾತ್ರಕ್ಕೆ ಬಿಗ್‌ಹಾರ್ನ್ ಜನ ನೆಲೆಸಿದ ಭೂಮಿಯಾಗುವುದೂ ಇಲ್ಲ ಎಂದಿತು. ಹೆರೇರಾ ಹೊಡೆದ ನಿರ್ದಿಷ್ಟ ಜಾಗ ನೆಲಸಿದ ಜಾಗವೇ, ಮೃಗಸಂರಕ್ಷಣೆಗಾಗಿ ರಾಜ್ಯ ಆ ಹಕ್ಕಿಗೆ ಕಟ್ಟುಪಾಡು ಹಾಕಬಹುದೇ ಎಂಬುದನ್ನು ಮಾತ್ರ ಮತ್ತೆ ವಿಚಾರಿಸಲು ಮೊಕದ್ದಮೆಯನ್ನು ವಯೋಮಿಂಗಿನ ಕೋರ್ಟಿಗೆ ಮರಳಿಸಿತು.